ಆರು ನಿಮಿಷದ ಕತ್ತಲೆಗೆ ಐದು ಲಕ್ಷವೇ?

ಪ್ರಶ್ನೆ: ಟೀಚರ್, ನಾನೂ ನಮ್ಮ ಯಜಮಾನರೂ ಇಬ್ಬರೂ ರಿಟೈರ್ ಆಗಿದ್ದೇವೆ. 2027ರ ಆಗಸ್ಟ್ 2ರಂದು ಈಜಿಪ್ಟಿನಲ್ಲಿ ಪೂರ್ಣ ಸೂರ್ಯಗ್ರಹಣವಂತೆ. ಟ್ರಾವೆಲ್ಸ್‌ನವರು ಇಬ್ಬರಿಗೂ ಸೇರಿ ಐದು ಲಕ್ಷದ ಹತ್ತಿರ ಹೇಳಿದ್ದಾರೆ. ನಮ್ಮವರು ಮಾತ್ರ "ಆರು ನಿಮಿಷ ಕತ್ತಲೆ ನೋಡೋಕೆ ಐದು ಲಕ್ಷ ಯಾಕೆ? ಕರೆಂಟ್ ಹೋದಾಗ ದಿನಾ ನೋಡ್ತೀವಲ್ಲ" ಅನ್ನುತ್ತಾರೆ. ನಿಜಕ್ಕೂ ಅಷ್ಟು ದೂರ ಹೋಗಿ ನೋಡುವಂಥದ್ದು ಅದರಲ್ಲಿ ಏನಿದೆ?
- ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಯಜಮಾನರ ಮಾತು ಓದಿ ಜೋರಾಗಿ ನಕ್ಕೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಪೂರ್ಣಗ್ರಹಣ ಹೋಗಿ ನೋಡುವಂಥದ್ದೇ. ಆದರೆ ಆ ಐದು ಲಕ್ಷವನ್ನು ಗ್ರಹಣ ಒಂದಕ್ಕೇ ಸುರಿಯಬೇಡಿ. ಯಾಕೆ ಅಂತ ತಿಳಿಯಬೇಕಾದರೆ ನನ್ನ ಪಾಲಿಗೆ ಬಂದ ಮೂರು ಗ್ರಹಣಗಳ ಕತೆ ಕೇಳಬೇಕು. ಒಂದನ್ನು ನೋಡಲು ಬಿಡಲಿಲ್ಲ, ಇನ್ನೊಂದು ಕಾಣಲಿಲ್ಲ, ಮತ್ತೊಂದು ಕಂಡಿತು.

ನಮ್ಮೂರು ಗದಗ. 1980ರ ಫೆಬ್ರವರಿ 16, ಶನಿವಾರ. ನಾನು ಏಳನೇ ಕ್ಲಾಸು. ಅವತ್ತು ಚಂದ್ರನ ನೆರಳು ಅಂಕೋಲಾ ಕಡೆಯಿಂದ ನೆಲ ಹತ್ತಿ, ಹುಬ್ಬಳ್ಳಿ, ಗದಗ, ರಾಯಚೂರಿನ ಮೇಲೆ ಹಾದು ಆಂಧ್ರಕ್ಕೆ ಹೋಯಿತು. ಬೆಂಗಳೂರಿನಿಂದ ವಿಜ್ಞಾನಿಗಳು ಬಂದು ಹುಬ್ಬಳ್ಳಿ ಹತ್ತಿರದ ಹೊಸೂರಿನಲ್ಲಿ, ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಕ್ಯಾಂಪ್ ಹಾಕಿದ್ದರು. ನಮ್ಮ ಮನೆಯಲ್ಲಿ ಅವ್ವ ಉಪ್ಪಿನಕಾಯಿ ಭರಣಿಗೆ, ನೀರಿನ ಹಂಡೆಗೆ ಗರಿಕೆ ಹಾಕಿದಳು. ಪಡಸಾಲೆಯ ಕಿಟಕಿಗೆ ಕೌದಿ ಕಟ್ಟಿದಳು. "ಹೊರಗ ಕಾಲಿಟ್ರ ನೋಡು ಮತ್ತ" ಅಂತ ಬಾಗಿಲ ಅಗಳಿ ಹಾಕಿದಳು. ಅಜ್ಜಿ ಹಿತ್ತಾಳೆ ಪರಾತದಲ್ಲಿ ನೀರು ಹಾಕಿ ಅದರೊಳಗೆ ಒನಕೆ ನಿಲ್ಲಿಸಿದ್ದಳು. ಗ್ರಹಣ ಹಿಡಿದಿದ್ದರೆ ಮಾತ್ರ ಒನಕೆ ನಿಲ್ಲುತ್ತದಂತೆ. ಮನೆಮಂದಿಯೆಲ್ಲ ಅದನ್ನೇ ನೋಡುತ್ತ ಕೂತಿದ್ದೆವು. (ಮರುದಿನ ನಾನೂ ತಮ್ಮನೂ ಕದ್ದು ನಿಲ್ಲಿಸಿ ನೋಡಿದೆವು. ಆಗಲೂ ಆರಾಮಾಗಿ ನಿಂತಿತು.)

ಆ ಹಳೇ ಕೌದಿಗೆ ಒಂದು ತೂತಿತ್ತು. ಅದರಿಂದ ನುಗ್ಗಿದ ಬೆಳಕು ನೆಲದ ಮೇಲೆ ಎಂಟಾಣೆ ಬಿಲ್ಲೆಯಷ್ಟು ದುಂಡಗೆ ಬಿದ್ದಿತ್ತು. ಎರಡೂವರೆ ದಾಟಿದ ಮೇಲೆ ಆ ಬಿಲ್ಲೆಯನ್ನು ಯಾರೋ ಕಚ್ಚಿದಂತೆ ಆಯಿತು. ಆಮೇಲೆ ಅರ್ಧ ಹಪ್ಪಳ. ಆಮೇಲೆ ಕುಡುಗೋಲು. ಆಮೇಲೆ ಉಗುರು ಕತ್ತರಿಸಿದ ಚೂರು. ಆಮೇಲೆ ಇಲ್ಲವೇ ಇಲ್ಲ. ಪಡಸಾಲೆ ಕತ್ತಲಾಯಿತು. ಹೊರಗೆ ಒಂದು ನಾಯಿ ಊಳಿಟ್ಟು ಸುಮ್ಮನಾಯಿತು. ಎರಡೂವರೆ ನಿಮಿಷದ ಆಸುಪಾಸು ಇರಬೇಕು. ಮತ್ತೆ ಆ ಉಗುರಿನ ಚೂರು ನೆಲದ ಮೇಲೆ ಬಂತು, ಈ ಸಲ ಇನ್ನೊಂದು ಮಗ್ಗುಲಿಂದ.

ಅದು ಸೂರ್ಯನದೇ ಬಿಂಬ ಅಂತ ನನಗೆ ಗೊತ್ತಾದದ್ದು ಟೀಚರ್ ಆಗಿ ಮಕ್ಕಳಿಗೆ ಸೂಜಿರಂಧ್ರ ಕ್ಯಾಮೆರಾ ಪಾಠ ಮಾಡುವಾಗ. ಹಲಗೆ ಮೇಲೆ ಚಿತ್ರ ಬರೆಯುತ್ತಿದ್ದವಳು ಹಾಗೇ ನಿಂತುಬಿಟ್ಟೆ. ಒಂದು ಊರಿಗೆ ಪೂರ್ಣಗ್ರಹಣ ಬರುವುದು ಸರಾಸರಿ 375 ವರ್ಷಕ್ಕೊಮ್ಮೆ. ನಮ್ಮ ಮಾಳಿಗೆ ಮೇಲೇ ಬಂದಿತ್ತು. ನಾವು ಒನಕೆ ನೋಡುತ್ತ ಕೂತಿದ್ದೆವು!

ಎರಡನೆಯದು 2009ರ ಜುಲೈ 22. ಬಿಹಾರದ ತಾರೇಗನಾ. ಆರ್ಯಭಟ ಅಲ್ಲಿಂದ ನಕ್ಷತ್ರ ನೋಡುತ್ತಿದ್ದ ಅಂತ ಹೇಳುವ ಊರು. ಚೆನ್ನಾಗಿ ಕಾಣುವುದು ಅಲ್ಲೇ ಅಂತ ಎಲ್ಲ ಪೇಪರಿನಲ್ಲೂ ಬಂದಿತ್ತು. ಬೆಂಗಳೂರಿನಿಂದ ಸಂಘಮಿತ್ರಾ ಎಕ್ಸ್‌ಪ್ರೆಸ್ ಹತ್ತಿ, ಎರಡು ರಾತ್ರಿ ಚಪಾತಿ ಚಟ್ನಿಪುಡಿ ತಿಂದುಕೊಂಡು ಪಾಟ್ನಾ ಮುಟ್ಟಿದೆವು. ಬೆಳಗಿನ ಜಾವ ಸಾವಿರಾರು ಜನ ಬಯಲಿನಲ್ಲಿ ಕತ್ತೆತ್ತಿ ನಿಂತಿದ್ದರು. ಮೇಲೆ ಮೋಡ ಮುಚ್ಚಿಕೊಂಡಿತ್ತು. ಆರೂಕಾಲು ದಾಟಿದ ಮೇಲೆ ಸ್ವಿಚ್ ಆರಿಸಿದ ಹಾಗೆ ಕತ್ತಲಾಯಿತು. ಮೂರೂವರೆ ನಿಮಿಷದ ಮೇಲೆ ಬೆಳಕಾಯಿತು. ಅಷ್ಟೇ. ಅದೇ ಹೊತ್ತಿಗೆ ಕಾಶಿಯ ಘಾಟಿನಲ್ಲಿದ್ದವರಿಗೆ ಗ್ರಹಣ ಕಂಡಿತ್ತು. ನಮ್ಮ ಮನೆಯವರು ಇವತ್ತಿಗೂ ಹೇಳುತ್ತಾರೆ: "ಕಾಶಿಗೆ ಹೋಗಿದ್ರೆ ಪುಣ್ಯನೂ ಬರ್ತಿತ್ತು, ಗ್ರಹಣನೂ ಕಾಣ್ತಿತ್ತು."

ಈ ಎರಡನೇ ಕತೆ ನಿಮ್ಮ ಐದು ಲಕ್ಷಕ್ಕೆ ಸಂಬಂಧಿಸಿದ್ದು. ದುಡ್ಡು ಕೊಟ್ಟು ನೆರಳಿನ ದಾರಿಗೆ ಹೋಗಬಹುದು. ಮೋಡ ಸರಿಸಲು ಯಾವ ಟ್ರಾವೆಲ್ಸ್‌ನವರಿಂದಲೂ ಆಗುವುದಿಲ್ಲ.

ಮೂರನೆಯದಕ್ಕೆ ನಾನು ಗ್ರಹಣ ಅಂತ ಹೋದವಳೇ ಅಲ್ಲ. ಮಗಳ ಬಾಣಂತನಕ್ಕೆ ಹೋಗಿದ್ದೆ, ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್‌ಗೆ. 2024ರ ಏಪ್ರಿಲ್ 8, ಸೋಮವಾರ. ಕೊಲಂಬಸ್ ಊರು ನೆರಳಿನ ದಾರಿಯಿಂದ ಒಂಚೂರು ಆಚೆ ಇತ್ತು. ಅಲ್ಲಿ ಸೂರ್ಯ 99 ಪರ್ಸೆಂಟಿಗೂ ಜಾಸ್ತಿ ಮುಚ್ಚುತ್ತಾನೆ ಅಂತ ಲೆಕ್ಕ. ಮಗಳು, "ಅಮ್ಮ, 99 ಆದ್ರೆ ಸಾಕಲ್ವಾ? ಇಲ್ಲೇ ಹಿತ್ತಲಲ್ಲಿ ನೋಡಿದ್ರಾಯ್ತು" ಅಂದಳು. ಕೂಸಿಗೆ ಇನ್ನೂ ಎರಡು ತಿಂಗಳೂ ತುಂಬಿರಲಿಲ್ಲ. ದಾವಣಗೆರೆಯಿಂದ ಬೀಗಿತ್ತಿ ಬೆಳಗಾಗುವಷ್ಟರಲ್ಲಿ ನಾಲ್ಕು ವಾಯ್ಸ್ ಮೆಸೇಜ್ ಕಳಿಸಿದ್ದರು, ಕೂಸನ್ನು ಹೊರಗೆ ತರಬೇಡಿ ಅಂತ. ಸರಿ, ಮಗಳೂ ಕೂಸೂ ಮನೆಯಲ್ಲಿ. ನಾನೂ ಅಳಿಯನೂ ಕಾರು ಹತ್ತಿದೆವು. ಅಡುಗೆಮನೆಯಿಂದ ಬೂಂದಿ ಸೌಟು ಎತ್ತಿಕೊಂಡೆ. ಅಳಿಯ ನೋಡಿದ, ಏನೂ ಕೇಳಲಿಲ್ಲ.

ಹೋದದ್ದು ವಾಪಕೊನೆಟಾ ಅನ್ನುವ ಸಣ್ಣ ಊರಿಗೆ. ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಅವರ ಊರು ಅದು. ಅಲ್ಲಿ ಕತ್ತಲೆ ನಾಲ್ಕು ನಿಮಿಷಕ್ಕೆ ಸ್ವಲ್ಪ ಕಡಿಮೆ. ಒಂದು ಚರ್ಚಿನ ಬಯಲಿನಲ್ಲಿ ಕಾರು ನಿಲ್ಲಿಸಿದೆವು. ಬಾನೆಟ್ ಮೇಲೆ ಬೂಂದಿ ಸೌಟು ಹಿಡಿದೆ. ಪ್ರತಿ ತೂತಿಗೂ ಒಂದೊಂದು ಕುಡುಗೋಲು! ಅಕ್ಕಪಕ್ಕದ ಕಾರಿನ ಮಕ್ಕಳೆಲ್ಲ ಬಂದು ಮುತ್ತಿಕೊಂಡರು.

ಮೂರು ಗಂಟೆಗೆ ಬಿಸಿಲು ಬಿಸಿಲಿನ ಹಾಗೆ ಇರಲಿಲ್ಲ. ತೊಳೆದಿಟ್ಟ ಸ್ಟೀಲ್ ಪಾತ್ರೆಯ ಬಣ್ಣ. ನನ್ನ ನೆರಳಿನಲ್ಲಿ ಒಂದೊಂದು ಕೂದಲೂ ಎಣಿಸಬಹುದಿತ್ತು. ಚಳಿ ಹತ್ತಿತು, ಶಾಲು ಹೊದ್ದುಕೊಂಡೆ. ನೈಋತ್ಯದ ಕಡೆಯಿಂದ ಕಪ್ಪು ಎದ್ದು ಬಂತು, ಮುಂಗಾರು ಮಳೆ ಹೊಲದ ಮೇಲೆ ಓಡಿ ಬರುತ್ತದಲ್ಲ, ಹಾಗೆ. ಮೂರೂ ಹತ್ತರ ಹೊತ್ತಿಗೆ ಗ್ರಹಣದ ಕನ್ನಡಕದೊಳಗೆ ಉಳಿದಿದ್ದ ಕೊನೆಯ ಬೆಳಕಿನ ಹನಿಯೂ ಆರಿತು. ಕನ್ನಡಕ ತೆಗೆದೆ.

ಸೂರ್ಯ ಇರಬೇಕಾದ ಜಾಗದಲ್ಲಿ ಬಾಣಲೆಯ ಬೆನ್ನಿನಷ್ಟು ಕಪ್ಪು ಬಿಲ್ಲೆ. ಅದರ ಸುತ್ತ ಬಿಳಿ ರೇಷ್ಮೆ ಎಳೆ ಬಿಚ್ಚಿ ಎಲ್ಲ ದಿಕ್ಕಿಗೂ ಹರಡಿದ ಹಾಗೆ ಕರೋನಾ, ಅಂದರೆ ಸೂರ್ಯನ ಹೊರ ವಾತಾವರಣ. ಫೋಟೋದಲ್ಲಿ ನೋಡುವಾಗ ಅದೊಂದು ಉಂಗುರ, ಅಷ್ಟೇ. ಕಣ್ಣಿಗೆ ಕಾಣುವಾಗ ಎಳೆ ಎಳೆ. ಬಿಲ್ಲೆಯ ಕೆಳ ಅಂಚಿನಲ್ಲಿ ದಾಳಿಂಬೆ ಕಾಳಿನ ಬಣ್ಣದ ಒಂದು ಚುಕ್ಕೆ. ಸೂರ್ಯನ ಮೈಯಿಂದ ಎದ್ದ ಅನಿಲದ ಜ್ವಾಲೆ ಅದು, ಒಂದೊಂದು ಸಲ ನಮ್ಮ ಭೂಮಿಗಿಂತ ದೊಡ್ಡದಿರುತ್ತದೆ. ಕೆಳಗೆ ಬಲಕ್ಕೆ ಶುಕ್ರ ಹೊಳೆಯುತ್ತಿದ್ದ, ಆ ಕಡೆ ಗುರು. ಸುತ್ತಲೂ ಬಾನಂಚಿನಲ್ಲಿ ಮುಳುಗುವ ಹೊತ್ತಿನ ಕಿತ್ತಳೆ ಬಣ್ಣ, ನಾಲ್ಕೂ ದಿಕ್ಕಿಗೆ. ಅಳಿಯ ಮಾತು ಕಡಿಮೆ ಹುಡುಗ. "ಅತ್ತೇ..." ಅಂದ. ಮುಂದೆ ಏನೂ ಹೇಳಲಿಲ್ಲ. ನನಗೆ ಆಗ ನೆನಪಾದದ್ದು ಕೌದಿಯ ತೂತು. ಅದು ಹೀಗಿತ್ತಾ, ನಮ್ಮ ಮಾಳಿಗೆ ಮೇಲೆ?

ವಾಪಸ್ ಬರುವಾಗ ರಸ್ತೆ ತುಂಬ ಕಾರು. ಒಂದೂವರೆ ಗಂಟೆಯ ದಾರಿಗೆ ನಾಲ್ಕು ಗಂಟೆ. ಮನೆಗೆ ಬಂದು ಮಗಳನ್ನು ಕೇಳಿದೆ, ಹೇಗಿತ್ತು ನಿಂದು? "ಚೆನ್ನಾಗಿತ್ತು, ಮಳೆ ಬರೋ ಮುಂಚೆ ಆಗುತ್ತಲ್ಲ, ಹಂಗೆ ಸ್ವಲ್ಪ ಮಬ್ಬಾಯ್ತು" ಅಂದಳು. ಅಳಿಯ ಫೋನಿನಲ್ಲಿ ತೆಗೆದ ಚಿತ್ರ ತೋರಿಸಿದ. ಅವಳ ಮುಖ ಸಣ್ಣಗಾಯಿತು.

ಇದು ಒಂದು ಪರ್ಸೆಂಟಿನ ವ್ಯತ್ಯಾಸ ಅಲ್ಲವೇ ಅಲ್ಲ. ಸೂರ್ಯನ ಬೆಳಕು ಹುಣ್ಣಿಮೆ ಚಂದ್ರನಿಗಿಂತ ಸುಮಾರು ನಾಲ್ಕು ಲಕ್ಷ ಪಟ್ಟು ಜಾಸ್ತಿ. ಒಂದು ಪರ್ಸೆಂಟ್ ಸೂರ್ಯ ಉಳಿದರೂ ಅದು ನಾಲ್ಕು ಸಾವಿರ ಹುಣ್ಣಿಮೆಯ ಬೆಳಕು. ಕರೋನಾದ ಬೆಳಕೆಲ್ಲ ಸೇರಿದರೂ ಹೆಚ್ಚುಕಡಿಮೆ ಒಂದು ಹುಣ್ಣಿಮೆಯಷ್ಟು. ನಾಲ್ಕು ಸಾವಿರದ ಮುಂದೆ ಒಂದು ಎಲ್ಲಿ ಕಾಣಬೇಕು? ಪೂರ್ತಿ ಮುಚ್ಚಿದರೆ ಮಾತ್ರ ಅದು ಕಣ್ಣಿಗೆ ಬೀಳುತ್ತದೆ. ಯಜಮಾನರಿಗೆ ಹೇಳಿ, ನೋಡಲು ಹೋಗುವುದು ಕತ್ತಲೆಯನ್ನಲ್ಲ. ಬೆಳಕಿನ ಹಿಂದೆ ಯಾವಾಗಲೂ ಇದ್ದು ಯಾವಾಗಲೂ ಕಾಣದ್ದನ್ನು.

ಇನ್ನು ನಿಮ್ಮ ಪ್ಯಾಕೇಜ್. ಈಜಿಪ್ಟಿನ ಲಕ್ಸರ್ ಊರಿನಲ್ಲಿ ಕತ್ತಲೆ ಆರು ನಿಮಿಷಕ್ಕೂ ಜಾಸ್ತಿ. ಇದು ತುಂಬ ಉದ್ದದ ಗ್ರಹಣ. ಆಗಸ್ಟಿನಲ್ಲಿ ಅಲ್ಲಿ ಮೋಡ ಕಾಣುವುದೇ ಅಪರೂಪ, ಹಾಗಾಗಿ ನಮ್ಮ ತಾರೇಗನಾ ಕತೆ ನಿಮಗೆ ಆಗಲಿಕ್ಕಿಲ್ಲ. ಬಿಸಿಲು ಮಾತ್ರ 40 ಡಿಗ್ರಿ ದಾಟುತ್ತದೆ, ಗ್ರಹಣವೂ ಮಟಮಟ ಮಧ್ಯಾಹ್ನ. ಬಿಪಿ, ಶುಗರ್ ಇದ್ದರೆ ಡಾಕ್ಟರ್ ಕೇಳಿಯೇ ಹೊರಡಿ. ಟ್ರಾವೆಲ್ಸ್‌ನವರಿಗೆ ಒಂದೇ ಪ್ರಶ್ನೆ ಕೇಳಿ: ಅವತ್ತು ಮಧ್ಯಾಹ್ನ ನಮ್ಮನ್ನು ಎಲ್ಲಿ ನಿಲ್ಲಿಸುತ್ತೀರಿ? ಕೈರೋ ಅಂದರೆ ಅಲ್ಲೇ ಫೋನ್ ಇಡಿ, ಅಲ್ಲಿ ಪೂರ್ಣಗ್ರಹಣ ಇಲ್ಲ. ಹಾಗೇ ಪಟ್ಟಿಯಲ್ಲಿ ಕಾರ್ನಾಕ್ ದೇವಸ್ಥಾನ, ರಾಜರ ಕಣಿವೆ, ನೈಲ್ ನದಿ ಇದೆಯಾ ನೋಡಿ. ಅವನ್ನು ನೋಡುವ ಆಸೆ ನಿಮಗೆ ಮೊದಲೇ ಇದ್ದರೆ ಹೋಗಿ, ಗ್ರಹಣ ಅದರ ಮೇಲಿನ ತುಪ್ಪ. ಅದಿಲ್ಲದೆ, ಇರುವ ಎಫ್‌ಡಿ ಮುರಿದು, ಸಾಲ ಮಾಡಿ ಹೋಗುವಂಥದ್ದಂತೂ ಅಲ್ಲ.

ಪ್ರಶ್ನೆ: 2019ರ ಡಿಸೆಂಬರ್ 26ರಂದು ಇಲ್ಲೇ ಬೆಂಕಿ ಉಂಗುರ ನೋಡಿದ್ದೇನೆ. ಪೂರ್ಣಗ್ರಹಣ ಅದಕ್ಕಿಂತ ಬೇರೆಯಾ?
- ಒಬ್ಬ ಓದುಗರು, ಮಂಗಳೂರು

ಉತ್ತರ: ಬೇರೆಯೇ. ನೀವು ನೋಡಿದ್ದು ಕಂಕಣ ಗ್ರಹಣ. ಅವತ್ತು ಚಂದ್ರ ನಮ್ಮಿಂದ ಸ್ವಲ್ಪ ದೂರ ಇದ್ದ, ಗಾತ್ರ ಸಾಲಲಿಲ್ಲ. ಪಾತ್ರೆಗೆ ಚಿಕ್ಕ ಮುಚ್ಚಳ ಹಾಕಿದ ಹಾಗೆ ಅಂಚು ಉಳಿಯಿತು. ಆ ಅಂಚಿನ ಬೆಳಕಿನಲ್ಲಿ ಕರೋನಾ ಕಾಣುವುದಿಲ್ಲ, ಆಕಾಶವೂ ಕಪ್ಪಾಗುವುದಿಲ್ಲ, ಕನ್ನಡಕ ಒಂದು ಕ್ಷಣವೂ ತೆಗೆಯುವ ಹಾಗಿಲ್ಲ. ಚೆಂದ ಇತ್ತು, ಇಲ್ಲ ಅನ್ನುವುದಿಲ್ಲ. ನಾನೂ ಕೊಡಗಿನ ಕುಟ್ಟಕ್ಕೆ ಹೋಗಿ ನೋಡಿದ್ದೆ. ಆದರೆ ಅದನ್ನು ನನ್ನ ಮೂರು ಗ್ರಹಣಗಳ ಲೆಕ್ಕಕ್ಕೆ ಸೇರಿಸಲಿಲ್ಲ, ಗಮನಿಸಿದಿರಾ?

ಪ್ರಶ್ನೆ: ಹಳೇ ಎಕ್ಸ್‌ರೇ ಫಿಲ್ಮಿನಲ್ಲಿ ನೋಡಬಹುದಾ? ಫೋನಿನಲ್ಲಿ ಫೋಟೋ ಬರುತ್ತಾ?
- ಒಬ್ಬ ಓದುಗರು, ಹಾವೇರಿ

ಉತ್ತರ: ಎಕ್ಸ್‌ರೇ ಫಿಲ್ಮ್ ಬೇಡವೇ ಬೇಡ. ಮಸಿ ಹಿಡಿಸಿದ ಗಾಜು, ಕೂಲಿಂಗ್ ಗ್ಲಾಸ್ ಕೂಡ ಬೇಡ. ಕಣ್ಣಿನ ಪರದೆ ಸುಟ್ಟರೂ ನೋವಾಗುವುದಿಲ್ಲ, ಅದೇ ಅಪಾಯ. ಗ್ರಹಣಕ್ಕೆಂದೇ ಮಾಡಿದ, ಐಎಸ್ಒ 12312-2 ಅಂತ ಬರೆದ ಕನ್ನಡಕ ತಗೊಳ್ಳಿ, ಗೀಚಿಲ್ಲವಾ ನೋಡಿಕೊಳ್ಳಿ. ಪೂರ್ತಿ ಮುಚ್ಚಿದ ಆ ಕೆಲವು ನಿಮಿಷ ಮಾತ್ರ ಬರಿಗಣ್ಣು. ಬೆಳಕಿನ ಹನಿ ಮತ್ತೆ ಮೂಡಿದ ಕೂಡಲೇ ಕನ್ನಡಕ. ಫೋಟೋ ಬೇರೆಯವರು ಇದಕ್ಕಿಂತ ಚೆನ್ನಾಗಿ ತೆಗೆದು ಹಾಕಿರುತ್ತಾರೆ. ನಮ್ಮ ಅಳಿಯ ನಾಲ್ಕರಲ್ಲಿ ಒಂದು ನಿಮಿಷ ಫೋನಿಗೇ ಕೊಟ್ಟ. ಈಗಲೂ ಅದನ್ನೇ ಹೇಳಿಕೊಂಡು ಪೇಚಾಡುತ್ತಾನೆ.

ಪ್ರಶ್ನೆ: ಮೇಡಂ, ನಾನು ಪಿಯುಸಿ ವಿದ್ಯಾರ್ಥಿ. ಈಜಿಪ್ಟಿಗೆ ಹೋಗುವಷ್ಟು ದುಡ್ಡಿಲ್ಲ. ಭಾರತಕ್ಕೆ ಪೂರ್ಣಗ್ರಹಣ ಯಾವಾಗ ಬರುತ್ತದೆ?
- ಒಬ್ಬ ಓದುಗ, ಕೊಪ್ಪಳ

ಉತ್ತರ: 2034ರ ಮಾರ್ಚ್ 20, ಕಾರ್ಗಿಲ್ ಸೀಮೆಯಲ್ಲಿ. ಅಷ್ಟರಲ್ಲಿ ನಿನಗೆ ಕೆಲಸ ಸಿಕ್ಕಿರುತ್ತದೆ, ತಿಂಗಳಿಗೆ ಇಷ್ಟು ಅಂತ ಈಗಿನಿಂದಲೇ ತೆಗೆದಿಟ್ಟರೆ ಆಗದ ಮಾತೇನಲ್ಲ. ಮಾರ್ಚಿನಲ್ಲಿ ಶ್ರೀನಗರದ ಕಡೆಯ ಜೋಜಿ ಲಾ ಬೆಟ್ಟದ ದಾರಿ ಹಿಮಕ್ಕೆ ಮುಚ್ಚಿರುವುದುಂಟು. ಲೇಹ್‌ಗೆ ವಿಮಾನದಲ್ಲಿ ಹೋಗಿ, ಎರಡು ದಿನ ಸುಮ್ನೆ ಮಲಗಿ ಎತ್ತರಕ್ಕೆ ಮೈ ಒಗ್ಗಿಸಿಕೊಂಡು, ಆಮೇಲೆ ರಸ್ತೆ ಹಿಡಿ. ಅಲ್ಲಿ ಗ್ರಹಣ ಸಂಜೆ ಹೊತ್ತು, ಹಾಗಾಗಿ ಪಡುವಣಕ್ಕೆ ಬೆಟ್ಟ ಅಡ್ಡ ಇಲ್ಲದ ಜಾಗ ಹಿಂದಿನ ದಿನವೇ, ಅದೇ ಹೊತ್ತಿಗೆ ನಿಂತು ನೋಡಿಟ್ಟುಕೋ. ಅಂದಹಾಗೆ, ನಿಮ್ಮ ಅಜ್ಜ ಅಜ್ಜಿ ಕೊಪ್ಪಳದ ಕಡೆಯವರೇ ಆದರೆ ಒಂದು ಸಲ ಕೇಳು: 1980ರಲ್ಲಿ ಅವರು ಹೊರಗೆ ಬಂದು ನೋಡಿದ್ದರಾ, ಅಥವಾ ಅವರ ಮನೆಯಲ್ಲೂ ಒನಕೆ ನಿಲ್ಲಿಸಿದ್ದರಾ? ನೋಡಿದವರು ಯಾರಾದರೂ ಸಿಕ್ಕರೆ ನನಗೆ ಬರೆ.