ಚಿಕ್ಕಪ್ಪನೇ ಮಗನಾದ, ಆಮೇಲೆ ಅಳಿಯನೂ ಆದ

ಓದುಗರ ಪತ್ರ: ಜಪಾನಿನ ಅಕಿಹಿತೊ 2019ರಲ್ಲಿ ಸಿಂಹಾಸನ ಬಿಟ್ಟಾಗ, 200 ವರ್ಷಗಳ ಹಿಂದೆ ಕೋಕಾಕು ಎಂಬ ಚಕ್ರವರ್ತಿಯೂ ಹೀಗೇ ಮಾಡಿದ್ದ ಎಂದು ಓದಿದ್ದೆ. ಈಗಿನವರು ಅವನ ವಂಶದವರೇನಾ? ಅಲ್ಲಿ ಪಟ್ಟ ಯಾವಾಗಲೂ ಅಪ್ಪನಿಂದ ಮಗನಿಗೇ ಬಂದಿದೆಯಾ?

ಸಂಪಾದಕರ ಉತ್ತರ: ಮೊದಲ ಪ್ರಶ್ನೆಗೆ ಉತ್ತರ, ಹೌದು. ಈಗಿನ ನರುಹಿತೊ ಕೋಕಾಕುವಿನ ನೇರ ವಂಶಸ್ಥರು. ಎರಡನೆಯದಕ್ಕೆ ಉತ್ತರ, ಇಲ್ಲ. ಅದಕ್ಕೆ ಕೋಕಾಕುವೇ ಸಾಕ್ಷಿ.

1779ರ ಕೊನೆಗೆ ಗೊ-ಮೊಮೊಜೊನೊ ಚಕ್ರವರ್ತಿ ತೀರಿಕೊಂಡ. ವಯಸ್ಸು ಬರೀ 21. ಗಂಡು ಮಕ್ಕಳಿಲ್ಲ. ಇದ್ದವಳು ಒಬ್ಬಳೇ ಮಗಳು, ಯೊಶಿಕೊ. ಅವಳಿಗೆ ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಆಗ ಕ್ಯೋಟೋ ಅರಮನೆಯವರ ಕಣ್ಣು ಬಿದ್ದದ್ದು ಕಾನ್-ಇನ್ ಎಂಬ ಕವಲು ಮನೆಯ ಮೇಲೆ. ಇಂಥ ಹೊತ್ತಿಗೆ ಬೇಕಾದೀತು ಎಂದು ವಿದ್ವಾಂಸ ಅರಾಯ್ ಹಕುಸೆಕಿ ಶೋಗನ್‌ಗೆ (ಚಕ್ರವರ್ತಿಯ ಹೆಸರಿನಲ್ಲಿ ದೇಶವನ್ನು ನಿಜವಾಗಿ ಆಳುತ್ತಿದ್ದ ಸೇನಾಧಿಪತಿಗೆ) ಹೇಳಿ 1710ರಲ್ಲಿ ಮಾಡಿಸಿದ ಮನೆ ಅದು. ಮುಂದಾಲೋಚನೆ ಅಂದರೆ ಇದು! ಆ ಮನೆಯ ಎಂಟು ವರ್ಷದ ಹುಡುಗನೊಬ್ಬ ಮುಂದೆ ಬೌದ್ಧ ಸನ್ಯಾಸಿಯಾಗಬೇಕು ಎಂದು ಆಗಲೇ ಗೊತ್ತಾಗಿತ್ತು. ಅವನನ್ನೇ ಕರೆತಂದು ಪಟ್ಟಕ್ಕೆ ಕೂರಿಸಿದರು. ಅವನೇ ಕೋಕಾಕು.

ಇಲ್ಲಿ ವರಸೆಯ ಲೆಕ್ಕ ಸ್ವಲ್ಪ ನೋಡಿ. ಇಬ್ಬರೂ ಹಿಗಾಶಿಯಾಮ ಚಕ್ರವರ್ತಿಯ ಸಂತತಿ. ಗೊ-ಮೊಮೊಜೊನೊ ಅವನಿಂದ ನಾಲ್ಕನೇ ತಲೆ, ಕೋಕಾಕು ಮೂರನೇ ತಲೆ. ಅಂದರೆ ಹುಡುಗ ಸತ್ತವನಿಗಿಂತ 13 ವರ್ಷ ಚಿಕ್ಕವನಾದರೂ ವರಸೆಯಲ್ಲಿ ಚಿಕ್ಕಪ್ಪ! ಆ ಚಿಕ್ಕಪ್ಪನನ್ನೇ ದತ್ತುಮಗ ಎಂದು ಬರೆದುಕೊಂಡರು. 1794ರಲ್ಲಿ ಯೊಶಿಕೊಳನ್ನೂ ಅವನಿಗೇ ಕೊಟ್ಟರು. ಅಲ್ಲಿಗೆ ಅಳಿಯನೂ ಆದ. ನಮ್ಮ ಕಡೆಯ ಅಜ್ಜಿಯರು ಕೇಳಿದ್ದರೆ ಮದುವೆಯನ್ನೇ ನಿಲ್ಲಿಸುತ್ತಿದ್ದರು.

ಹಳೇ ಕವಲಿನ ರಕ್ತ ಮುಂದುವರಿಯಲಿ ಎಂಬ ಆಸೆ ಈ ಮದುವೆಯ ಹಿಂದಿತ್ತು. ಅದು ಕೈಗೂಡಲಿಲ್ಲ. ಯೊಶಿಕೊಳ ಇಬ್ಬರು ಗಂಡು ಮಕ್ಕಳೂ ಎಳೆಯ ವಯಸ್ಸಿನಲ್ಲೇ ಹೋದರು. ಪಟ್ಟಕ್ಕೆ ಬಂದ ನಿಂಕೋ ಒಬ್ಬ ಉಪಪತ್ನಿಯ ಮಗ.

ಇನ್ನು ಕೋಕಾಕುವಿನ ಹೆತ್ತ ಅಪ್ಪ ಸುಕೆಹಿತೊನ ಪಾಡು. 1615ರ ಶೋಗನ್ ಕಾನೂನಿನ ಪ್ರಕಾರ ರಾಜಕುಮಾರರ ಜಾಗ ಮೂವರು ದೊಡ್ಡ ಮಂತ್ರಿಗಳಿಗಿಂತ ಕೆಳಗೆ. ಮಗ ಚಕ್ರವರ್ತಿ, ಅಪ್ಪ ಮಾತ್ರ ಮಂತ್ರಿಗಳ ಕೆಳಗೆ ಕೂರಬೇಕು. ಕೋಕಾಕುವಿಗೆ ಇದು ನುಂಗಲಾರದ ತುತ್ತಾಯಿತು. ಅಪ್ಪನಿಗೆ ನಿವೃತ್ತ ಚಕ್ರವರ್ತಿಯ ಬಿರುದು ಕೊಡಿ ಎಂದು ಹಟ ಹಿಡಿದ. ಶೋಗನ್ ಆಡಳಿತದ ಮುಖ್ಯಸ್ಥ ಮತ್ಸುದಾಯಿರ ಸದನೊಬು ಜಪ್ಪಯ್ಯ ಅನ್ನಲಿಲ್ಲ. ಪಟ್ಟಕ್ಕೇ ಏರದವನಿಗೆ ನಿವೃತ್ತಿ ಎಲ್ಲಿಂದ ಬಂತು ಎನ್ನುವುದು ಅವನ ವಾದ. ತರ್ಕವೇನೋ ಸರಿ, ಆದರೆ ಮಗನ ಸಂಕಟವೂ ಸುಳ್ಳಲ್ಲ ಅಲ್ವಾ? 1793ರಲ್ಲಿ ನಕಯಾಮ ನರುಚಿಕ ಎಂಬ ಆಸ್ಥಾನಿಕನಿಗೆ ಇದೇ ವಿಷಯಕ್ಕೆ ಶಿಕ್ಷೆಯಾಯಿತು. ಮರುವರ್ಷ ಸುಕೆಹಿತೊ ತೀರಿಕೊಂಡ. ಮಜಾ ಏನೆಂದರೆ, ಅದೇ ನಕಯಾಮ ಮನೆತನದ ಹೆಣ್ಣುಮಗಳೇ ಮುಂದೆ ಮೇಜಿ ಚಕ್ರವರ್ತಿಯನ್ನು ಹೆತ್ತಳು. ಆ ಮೇಜಿಯ ಸರ್ಕಾರವೇ 1884ರಲ್ಲಿ ಸುಕೆಹಿತೊಗೆ ಬಿರುದು ಕೊಟ್ಟಿತು. ಸತ್ತು 90 ವರ್ಷದ ಮೇಲೆ!

ಕೋಕಾಕು 1817ರಲ್ಲಿ ನಿಂಕೋಗೆ ಪಟ್ಟ ಬಿಟ್ಟುಕೊಟ್ಟ. ಮೊಮ್ಮಕ್ಕಳಲ್ಲಿ ಇಬ್ಬರ ಹೆಸರು ಹೇಳಲೇಬೇಕು. ಕೋಮೇ ಚಕ್ರವರ್ತಿಯಾದ. ಅವನ ತಂಗಿ ಕಜುನೊಮಿಯಾಳಿಗೆ ಬೇರೆ ಕಡೆ ಮದುವೆ ಗೊತ್ತಾಗಿತ್ತು. ಅದನ್ನು ಮುರಿದು, 1862ರಲ್ಲಿ ಶೋಗನ್ ಇಯೆಮೊಚಿಗೆ ಕೊಟ್ಟರು. ನಾಲ್ಕೇ ವರ್ಷಕ್ಕೆ ವಿಧವೆಯಾದಳು. 1868ರಲ್ಲಿ ಶೋಗನ್ ಮನೆತನದ ಮೇಲೆ ಚಕ್ರವರ್ತಿಯ ಸೈನ್ಯ ಬಂದಾಗ ಅದರ ಮುಂದಾಳು ಯಾರು ಗೊತ್ತಾ? ಹಿಂದೆ ಅವಳಿಗೆ ಗೊತ್ತಾಗಿದ್ದ ವರ, ರಾಜಕುಮಾರ ತರುಹಿತೊ. ಅವಳು ಮಾತ್ರ ತವರಿಗೆ ಪತ್ರ ಬರೆದು ಗಂಡನ ಮನೆ ಉಳಿಸಿ ಎಂದು ಬೇಡಿಕೊಂಡಳು.

ಕೋಕಾಕುವಿನಿಂದ ಈಚೆಗೆ ಪಟ್ಟ ಅಪ್ಪನಿಂದ ಮಗನಿಗೇ ಬಂದಿದೆ. ನರುಹಿತೊಗೆ ಮಗಳು ಐಕೊ ಒಬ್ಬಳೇ. ಕಾನೂನು ಹೆಣ್ಣಿಗೆ ಪಟ್ಟ ಕೊಡುವುದಿಲ್ಲ. ಹಾಗಾಗಿ ತಮ್ಮ, ಆಮೇಲೆ ತಮ್ಮನ ಮಗ ಹಿಸಾಹಿತೊ. ಕೋಕಾಕುವನ್ನು ಕೊಟ್ಟಂಥ ಕವಲು ಮನೆಗಳು ಈಗಿಲ್ಲ. 1947ರಲ್ಲಿ 11 ಮನೆಗಳ ರಾಜಪದವಿ ಹೋಯಿತು. ಆ ಮನೆಗಳ ಗಂಡುಮಕ್ಕಳನ್ನು ದತ್ತು ತರೋಣ ಎಂದು ಸರ್ಕಾರದ ತಜ್ಞರ ಸಮಿತಿ 2021ರಲ್ಲಿ ಸೂಚಿಸಿತು. ಆದರೆ ಅವರು ಮುಖ್ಯ ಬಳ್ಳಿಯಿಂದ ಬೇರೆಯಾಗಿ ಸುಮಾರು 600 ವರ್ಷವಾಗಿದೆ. ಅಪ್ಪನ ಕಡೆಯಿಂದ ಲೆಕ್ಕ ಹಾಕಿದರೆ ಕೋಕಾಕುವಿನಷ್ಟು ಹತ್ತಿರದವರು ಅವರಲ್ಲಿ ಒಬ್ಬರೂ ಸಿಗುವುದಿಲ್ಲ. ಐಕೊಗೇ ಕೊಟ್ಟುಬಿಡುವುದು ಸುಲಭ ಅಂತ ನನಗನ್ನಿಸುತ್ತದೆ.