ಗಡ್ಡೆಗೆ ಸಿಗಬಾರದೆಂದು ಊಟ ಬಿಟ್ಟವಳು

ಬಸುರಿನಲ್ಲಿ ಅಂಡಾಶಯದ ಗಡ್ಡೆ ಕಂಡು, ಆಪರೇಷನ್ ಈಗಲೋ ಹೆರಿಗೆಯ ಮೇಲೋ ಎಂದು ತೋಚದೆ ಕೂತ ಮನೆಯವರು ಆಪ್ತಸಮಾಲೋಚಕಿಯಾದ ನನ್ನೆದುರು ಮತ್ತೆ ಮತ್ತೆ ಬರುತ್ತಾರೆ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿ ಅಂಥ ಒಂದು ಪ್ರಕರಣವನ್ನು ಬರೆಯುತ್ತಿದ್ದೇನೆ.

ಚೊಚ್ಚಲ ಬಸುರಿ, 15ನೇ ವಾರ. ಎಡ ಅಂಡಾಶಯದಲ್ಲಿ 11 ಸೆಂ.ಮೀ. ಗಡ್ಡೆ. 16ರಿಂದ 18ನೇ ವಾರದೊಳಗೆ ತೆಗೆಸಿಬಿಡಿ ಎಂದಿದ್ದರು ವೈದ್ಯೆ. ಹೆರಿಗೆಯಾಗಲಿ, ಆಮೇಲೆ ನೋಡೋಣ ಎನ್ನುತ್ತಿದ್ದರು ಅತ್ತೆ. ಗಂಡ ಇಬ್ಬರಿಗೂ ತಲೆಯಾಡಿಸುತ್ತಿದ್ದ. ಮೊದಲ ಭೇಟಿ "ನೀವೇ ಹೇಳಿಬಿಡಿ ಮೇಡಂ" ಎನ್ನುವುದರಲ್ಲೇ ಮುಗಿಯಿತು.

ಎರಡನೇ ಸಲ ಒಬ್ಬಳೇ ಬಂದಳು. ಸ್ಕ್ಯಾನಿಂಗ್ ರಿಪೋರ್ಟನ್ನು ಮಡಿಸಿ ಬಿಚ್ಚಿ ಮಡಿಸಿ, ಅಳತೆ ಬರೆದ ಸಾಲಿನಲ್ಲೇ ಕಾಗದ ಸೀಳಿತ್ತು. ಅಲ್ಲಿ ಬೆರಳಿಟ್ಟಳು. "ಮಗು 10 ಸೆಂ.ಮೀ. ಅಂತೆ. ಇದು 11. ಮಗುಗಿಂತ ಇದೇ ದೊಡ್ಡದು." ಸ್ವಲ್ಪ ಹೊತ್ತು ಬಿಟ್ಟು, "ಅದಕ್ಕೇ ರಾತ್ರಿ ಊಟ ಬಿಟ್ಟಿದ್ದೀನಿ. ತಿಂದಿದ್ದೆಲ್ಲ ಇದಕ್ಕೇ ಹೋದ್ರೆ?"

ಹತ್ತು ದಿನದಿಂದ! ಆಪರೇಷನ್ ಬೇಕೋ ಬೇಡವೋ ಎಂದು ಮನೆಯವರು ವಾದಿಸುತ್ತಿದ್ದರೆ, ಈಕೆ ಸದ್ದಿಲ್ಲದೆ ತನ್ನದೇ ಔಷಧಿ ಶುರುಮಾಡಿಕೊಂಡಿದ್ದಳು.

ಹಾಳೆಯ ಮೇಲೆ ಚಿತ್ರ ಬರೆದೆ. ನಡುವೆ ಗರ್ಭಕೋಶ, ಪಕ್ಕದಲ್ಲಿ ತೊಟ್ಟಿಗೆ ಜೋತ ಅಂಡಾಶಯ. ಮಗು ಗೋಡೆಯೊಳಗೆ, ಗಡ್ಡೆ ಗೋಡೆಯಾಚೆ. ನೀನು ಉಪವಾಸ ಬಿದ್ದರೆ ಅದೇನೂ ಬಾಡುವುದಿಲ್ಲ, ಎಂದೆ. ಅವಳ ಕಣ್ಣು ತೊಟ್ಟಿನ ಮೇಲೇ ಇತ್ತು. "ಇದು ತಿರುಚ್ಕೊಂಡ್ರೆ ಹೇಗಾಗುತ್ತೆ?" ಹೇಳಿದೆ: ಇದ್ದಕ್ಕಿದ್ದಂತೆ ಒಂದೇ ಪಕ್ಕಕ್ಕೆ ಸಹಿಸಲಾಗದ ನೋವು, ವಾಂತಿ. ಅವಳು ತಲೆ ತಗ್ಗಿಸಿದಳು. "ಮೊನ್ನೆ ರಾತ್ರಿ ಹಾಗೇ ಆಯ್ತು. ಅರ್ಧ ಗಂಟೆ. ಹೇಳಿದ್ರೆ ಆಗಲೇ ಕೊಯ್ತಾರೆ ಅಂತ ಸುಮ್ಮನಿದ್ದೆ."

ಅಲ್ಲಿಗೆ ನನ್ನ ತಟಸ್ಥತೆ ಮುಗಿಯಿತು. ನನ್ನೆದುರೇ ವೈದ್ಯೆಗೆ ಫೋನ್ ಮಾಡಿಸಿದೆ, ಅಂದೇ ತಪಾಸಣೆಗೆ ಕಳಿಸಿದೆ. ವೈದ್ಯರ ಕೆಲಸಕ್ಕೆ ಕೈಹಾಕಿದೆ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಇರಲಿ. ತಿರುಚಿದ ಅಂಡಾಶಯಕ್ಕೆ ರಕ್ತ ನಿಂತುಹೋಗುವ ಅಪಾಯವಿರುವಾಗ "ನಿಮಗೆ ಏನನ್ನಿಸುತ್ತದೆ?" ಎಂದು ಕೇಳುತ್ತ ಕೂರುವುದು ನನ್ನಿಂದಾಗದು.

ಮನೆಯವರನ್ನು ಕೂರಿಸಿಕೊಂಡು ವೈದ್ಯೆ ವಿವರಿಸಿದ್ದನ್ನೇ ನಿಧಾನವಾಗಿ ಬಿಡಿಸಿದೆ. ಬಸುರಿನ ಮೊದಲಲ್ಲಿ ಕಾಣುವ ನೀರುಗುಳ್ಳೆಗಳಲ್ಲಿ ಹೆಚ್ಚಿನವು 16ನೇ ವಾರದ ಹೊತ್ತಿಗೆ ತಾವೇ ಇಂಗುತ್ತವೆ, ಅಂಥವಕ್ಕೆ ಕಾಯುವುದೇ ಸರಿ. ಇವಳದು ಡರ್ಮಾಯ್ಡ್, ಒಳಗೆ ಕೊಬ್ಬು, ಕೂದಲು. ಅದು ಇಂಗುವ ಪೈಕಿಯಲ್ಲ. ಈ ವಾರಗಳಲ್ಲಿ ಮಗುವಿನ ಅಂಗಗಳು ಮೂಡಿ ಆಗಿರುತ್ತವೆ, ಬಸುರು ಕಾಯುವ ಹಾರ್ಮೋನನ್ನು ಮಾಸುವೇ ಒದಗಿಸುತ್ತಿರುತ್ತದೆ, ಗರ್ಭಕೋಶವೂ ಆಪರೇಷನ್‌ಗೆ ಅಡ್ಡ ಬರುವಷ್ಟು ಬೆಳೆದಿರುವುದಿಲ್ಲ. ನಡುರಾತ್ರಿಯ ತುರ್ತು ಆಪರೇಷನ್‌ಗಿಂತ ದಿನ ಗೊತ್ತುಮಾಡಿ ಮಾಡಿಸುವುದು ವಾಸಿ.

"ಮಗುಗೆ ಏನೂ ಆಗಲ್ಲ ಅಂತ ಬರೆದುಕೊಡ್ತೀರಾ?" ಎಂದರು ಅತ್ತೆ. ಇಲ್ಲ ಎಂದೆ. ಕಾದರೂ ಏನೂ ಆಗುವುದಿಲ್ಲವೆಂದು ಯಾರೂ ಬರೆದುಕೊಡಲಾರರು, ಅಮ್ಮ, ಎಂದೂ ಹೇಳಿದೆ. ಅವರು ಬಹಳ ಹೊತ್ತು ಆ ಸೀಳಿದ ರಿಪೋರ್ಟನ್ನೇ ನೋಡುತ್ತಿದ್ದರು.

ಸೊಸೆಗೆ ಕೊಟ್ಟ ಸಲಹೆ ಚಿಕ್ಕದು. ತೀರ್ಮಾನ ಯಾವುದೇ ಇರಲಿ, ಹೊತ್ತಿಗೆ ಸರಿಯಾಗಿ ಊಟ. ಪಕ್ಕನೋವು, ಜ್ವರ, ರಕ್ತಸ್ರಾವ ಯಾವುದು ಕಂಡರೂ ಯಾರ ಒಪ್ಪಿಗೆಗೂ ಕಾಯದೆ ಆಸ್ಪತ್ರೆಗೆ.

17ನೇ ವಾರದಲ್ಲಿ ಆಪರೇಷನ್ ಆಯಿತು. ಮುಂದಿನ ಭೇಟಿಯಲ್ಲಿ ಹೊಲಿಗೆಯ ವಿಷಯ ಕೇಳೋಣವೆಂದುಕೊಳ್ಳುವಷ್ಟರಲ್ಲಿ ಅವಳೇ ಅಂದಳು: "ನಿನ್ನೆ ಎರಡು ಸಲ ಬಡಿಸಿಕೊಂಡೆ ಮೇಡಂ."