‘ವೆಂಟಿಲೇಟರ್ ಬಿಡುವಾಯಿತು’ ಎಂಬ ಮೊದಲ ಯೋಚನೆ

ಸಾಂಕ್ರಾಮಿಕದ ಕಾಲದಲ್ಲಿ ದುಡಿದ ಆರೋಗ್ಯ ಸಿಬ್ಬಂದಿ ಆಪ್ತಸಲಹೆಗೆ ಬಂದಾಗ ನಿದ್ದೆಗೇಡು, ತಲೆನೋವು, ಮನೆಯವರ ಮೇಲಿನ ಸಿಡುಕು ಇವುಗಳನ್ನು ಬೇಗ ಹೇಳಿಕೊಳ್ಳುತ್ತಾರೆ. ಇವುಗಳ ಅಡಿಯಲ್ಲಿರುವ ನೋವು ಮಾತ್ರ ತಡವಾಗಿ ಹೊರಬರುತ್ತದೆ. ಆ ನೋವನ್ನು ಹೊತ್ತವರು ಇಂದಿಗೂ ಬರುತ್ತಿರುವುದರಿಂದ, ಗುರುತಿನ ವಿವರಗಳನ್ನು ಬದಲಿಸಿ 2021ರ ಒಂದು ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರು ತೀವ್ರ ನಿಗಾ ಘಟಕದ ಅನುಭವಿ ನರ್ಸ್. ರಾತ್ರಿ ಪಾಳಿಯಲ್ಲಿ ವೈದ್ಯರ ಕೊರತೆಯಿದ್ದಾಗ, ತೆರವಾದ ಹಾಸಿಗೆಗೆ ಯಾರನ್ನು ಕರೆತರಬೇಕೆಂಬ ನಿರ್ಧಾರ ಎಷ್ಟೋ ಸಲ ಅವರೊಬ್ಬರ ಮೇಲೆಯೇ ಬೀಳುತ್ತಿತ್ತು. ಮೊದಲ ಭೇಟಿಗಳಲ್ಲಿ ನಿದ್ದೆಯ ವಿಷಯ ಬಿಟ್ಟು ಬೇರೇನೂ ಮಾತಾಡದವರು, ಒಂದು ದಿನ ಹೊರಡಲು ಎದ್ದವರು ಮತ್ತೆ ಕುಳಿತು, “ಮೇಡಂ, ರೋಗಿ ತೀರಿಕೊಂಡಾಗ ನನಗೆ ಮೊದಲು ಹೊಳೆಯುವುದು ‘ವೆಂಟಿಲೇಟರ್ ಬಿಡುವಾಯಿತು’ ಎಂದು. ಅವರ ಮುಖ ಆಮೇಲೆ ನೆನಪಾಗುತ್ತದೆ. ನಾನು ಇಂಥವಳಾಗಿರಲಿಲ್ಲ” ಎಂದರು.

ಆ ಯೋಚನೆ ಬಂದೊಡನೆ ಏನು ಮಾಡುತ್ತೀರಿ ಎಂದು ಕೇಳಿದೆ. ಕಾಯುತ್ತಿರುವವರಲ್ಲಿ ಯಾರ ಆಮ್ಲಜನಕದ ಮಟ್ಟ ಹೆಚ್ಚು ಕುಸಿದಿದೆ ಎಂದು ನೋಡುತ್ತೇನೆ ಎಂದರು. ಹಾಗಾದರೆ ಅದು ಸತ್ತವರ ಮೇಲಿನ ತಾತ್ಸಾರವಲ್ಲ, ಉಸಿರಿಗಾಗಿ ಒದ್ದಾಡುತ್ತಿರುವ ಇನ್ನೊಬ್ಬರ ಕಡೆಗೆ ಹೊರಟ ಯೋಚನೆ ಎಂದೆ. ಅವರು ಒಪ್ಪಲಿಲ್ಲ. “ಇಬ್ಬರ ಸ್ಥಿತಿಯೂ ಒಂದೇ ಆಗಿದ್ದರೆ? ಒಬ್ಬರನ್ನು ಬಿಟ್ಟವಳು ನಾನೇ ತಾನೆ?” ಎಂದು ಕೇಳಿದರು.

ಈ ಪ್ರಶ್ನೆಗೆ ಸಮಾಧಾನದ ಮಾತು ಉತ್ತರವಾಗಲಾರದು. ಸರಿಯೆಂದು ನಂಬಿದ್ದಕ್ಕೆ ವಿರುದ್ಧವಾಗಿ ನಡೆಯಬೇಕಾಗಿ ಬಂದವರಲ್ಲಿ ಉಳಿಯುವ ಈ ಗಾಯವನ್ನು ಮನೋವೈದ್ಯ ಜೊನಾಥನ್ ಶೇ ಅವರು ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕದ ಸೈನಿಕರಲ್ಲಿ ಗುರುತಿಸಿದ್ದರು. ಇದು ದಣಿವಲ್ಲ, ಆದ್ದರಿಂದ ವಿಶ್ರಾಂತಿಯೊಂದರಿಂದಲೇ ಮಾಯುವುದೂ ಇಲ್ಲ. ಇಂಥವರನ್ನು ವೀರರೆಂದು ಹೊಗಳಿದರೆ, ತಮ್ಮ ಒಳಗನ್ನು ಯಾರೂ ಅರಿತಿಲ್ಲವೆಂಬ ಭಾವನೆ ಇನ್ನಷ್ಟು ಗಟ್ಟಿಯಾಗುತ್ತದೆ.

ನಾನು ಕೊಟ್ಟ ಮೊದಲ ಸಲಹೆ ಆಸ್ಪತ್ರೆಯ ವ್ಯವಸ್ಥೆಗೆ ಸಂಬಂಧಿಸಿದ್ದು. ಹಾಸಿಗೆ ಹಂಚಿಕೆಯನ್ನು ಲಿಖಿತ ಮಾನದಂಡದಂತೆ ಹಿರಿಯ ವೈದ್ಯರ ತಂಡ ನಿರ್ಧರಿಸಲಿ, ರಾತ್ರಿಯೂ ಫೋನಿನಲ್ಲಿ ಒಬ್ಬರು ಸಿಗಲಿ ಎಂದು ಮೇಲ್ವಿಚಾರಕರಿಗೆ ಬರವಣಿಗೆಯಲ್ಲಿ ಕೇಳಬೇಕು. ಜೊತೆಗೆ, ಪಾಳಿ ಮುಗಿದಾಗ ಅಂದಿನ ಕಷ್ಟದ ಒಂದು ಸಂಗತಿಯನ್ನು ಜೊತೆಗಿದ್ದ ಸಹೋದ್ಯೋಗಿಗೆ ಹೇಳಿಯೇ ಮನೆಗೆ ಹೊರಡಬೇಕು. ನಿದ್ದೆ ಮಾತ್ರೆಯನ್ನು ತಾವಾಗಿಯೇ ತೆಗೆದುಕೊಳ್ಳಬಾರದು.

ಮೊದಲು ರಜೆ ಹಾಕಿಸಬೇಕಿತ್ತು, ಧ್ಯಾನ ಕಲಿಸಬೇಕಿತ್ತು ಎಂದು ಈ ವೃತ್ತಿಯ ಕೆಲವರು ಆಕ್ಷೇಪಿಸಿದರು. ರಜೆ ಬೇಕು, ಅವರಿಗೆ ಸರದಿಯಂತೆ ಸಿಕ್ಕಿತು ಕೂಡ. ಆದರೆ ಅದೇ ಏಕಾಂಗಿ ನಿರ್ಧಾರಕ್ಕೆ ಮರಳಬೇಕಾದವರಿಗೆ ರಜೆಯೆಂದರೆ ಕಳೆದ ನಿರ್ಧಾರಗಳನ್ನು ಒಬ್ಬರೇ ಕುಳಿತು ಮೆಲುಕು ಹಾಕುವ ಸಮಯವಾಗುತ್ತದೆ. ಹಾಸಿಗೆಗಳ ಕೊರತೆಯನ್ನು ಉಸಿರಾಟದ ಅಭ್ಯಾಸದಿಂದ ತುಂಬಿಕೊಳ್ಳಿ ಎಂದು ನರ್ಸ್ ಒಬ್ಬರಿಗೆ ಹೇಳುವುದು ನ್ಯಾಯವೆಂದು ನನಗೆ ಇಂದಿಗೂ ಅನಿಸುವುದಿಲ್ಲ. ಪ್ರತಿಯೊಂದು ಸಾವನ್ನೂ ವಿವರವಾಗಿ ಹೇಳಿಸಬೇಕಿತ್ತು ಎಂಬ ಮಾತೂ ಬಂತು. ಆಘಾತದ ಬೆನ್ನಲ್ಲೇ ಹಾಗೆ ಒಮ್ಮೆಗೇ ಹೇಳಿಸುವ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಬೇಡವೆಂದಿದೆ.

ಕೇಳಿದ್ದರಲ್ಲಿ ಫೋನಿನ ವ್ಯವಸ್ಥೆ ಮಾತ್ರ ಬೇಗ ಆಯಿತು. ಅಷ್ಟರಿಂದಲೇ ಅವರ ನಿದ್ದೆ ಸ್ವಲ್ಪ ಸುಧಾರಿಸಿತು. ಆ ಯೋಚನೆ ಬರುವುದು ನಿಲ್ಲದಿದ್ದರೂ ಅದಕ್ಕಾಗಿ ತಮ್ಮನ್ನು ಹಳಿದುಕೊಳ್ಳುವುದು ಕಡಿಮೆಯಾಯಿತು.

ಸಾವಿನ ದೃಶ್ಯಗಳು ಒಂದು ತಿಂಗಳು ಕಳೆದರೂ ಬಿಡದೆ ಕಾಡುತ್ತಿದ್ದರೆ ಮನೋವೈದ್ಯರನ್ನು ಕಾಣಲೇಬೇಕು. ಬದುಕು ಸಾಕೆಂಬ ಮಾತು ಸಹೋದ್ಯೋಗಿಯ ಬಾಯಿಂದ ಬಂದರೆ ಅದೇ ದಿನ ಜೊತೆಯಲ್ಲಿ ಕರೆದುಕೊಂಡು ಹೋಗಿ. ಅಪಾಯಕಾರಿ ಔಷಧಿಗಳು ಕೈಗೆಟಕುವ ಜಾಗದಲ್ಲಿ ಕೆಲಸ ಮಾಡುವವರನ್ನು ಆ ಹೊತ್ತಿನಲ್ಲಿ ಒಬ್ಬರನ್ನೇ ಬಿಡಬಾರದು.